ಕುದುರೆಯ ಬಣ್ಣಕ್ಕೆ ತೆರುವ ಬೆಲೆ

ಬೆಂಗಳೂರಿನ ದಕ್ಷಿಣಕ್ಕೆ ಈಗ ಜಯನಗರ, ಜೆ. ಪಿ. ನಗರ, ಬನಶಂಕರಿ, ಬಿ. ಟಿ. ಎಂ. ಬಡಾವಣೆ ಎಂಬ ಹೆಸರುಗಳಿಂದ ಕರೆಯಿಸಿಕೊಳ್ಳುತ್ತಿರುವ ಪ್ರದೇಶವು ಹಿಂದೆ ಸಾರಕ್ಕಿ, ಯಡಿಯೂರು, ಬೈರಸಂದ್ರ, ತಾವರೆಕೆರೆ, ಮಡಿವಾಳ ಮೊದಲಾದ ಗ್ರಾಮಗಳ ಹೊಲಗದ್ದೆಗಳೇ ಆಗಿದ್ದಿತು. 1948ನೆಯ ಇಸವಿಯಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದ ಕಾಲಕ್ಕೆ ಪೇಟೆಗೂ ಈ ಗ್ರಾಮಗಳಿಗೂ ನಡುವೆ ಓಡಾಡುವವರಿಗೆ ಎತ್ತಿನ ಗಾಡಿಯೂ ಜಟಕಾ ಗಾಡಿಯೂ ಆಧಾರವಾಗಿದ್ದುವು. ಜಟಕಾ ಹತ್ತುವವನು ಕುದುರೆಯ ಬಣ್ಣ ಯಾವುದೆಂದು ವಿಚಾರಿಸಿದ್ದಿಲ್ಲ. ಜಟಕಾ ಹೊಡೆಯುವವನೂ ಬಡ ತಟ್ಟುವಿನ ಕಾಲು, ಗೊರಸು, ಉಸಿರು, ಇವುಗಳನ್ನು ನೋಡಿ ಹಣ ಕೊಡುತ್ತಿದ್ದನೇ ಹೊರತು ಅದು ಕೆಂಪೋ ಕಂದೋ ಎಂಬುದಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡುವ ಸ್ಥಿತಿಯಲ್ಲಿರಲಿಲ್ಲ.

ಈಗ ಜಟಕಾ ಹೋಯಿತು. ಆದರೆ ಕುದುರೆ ಹೋಗಲಿಲ್ಲ. ಅದೇ ಬಡಾವಣೆಗಳ ಕಲ್ಯಾಣಮಂಟಪಗಳ ಮುಂದೆ ವರನನ್ನು ಕೂರಿಸಿಕೊಂಡು, ವಾದ್ಯದ ಗದ್ದಲದಲ್ಲಿಯೂ ದೀಪಗಳ ಪ್ರಖರವಾದ ಬೆಳಕಿನಲ್ಲಿಯೂ ಡಾಮರು ರಸ್ತೆಯ ಮೇಲೆ ನಿಂತಿರುವ ಕುದುರೆಯನ್ನು ಕಾಣಬಹುದು. ಅದು ಬಿಳಿಯ ಕುದುರೆಯೇ ಆಗಿರಬೇಕೆಂಬುದು ಬಾಡಿಗೆಗೆ ತರಿಸುವವರ ಹಟ. ಕನಕಪುರದ ರಸ್ತೆ, ಬನ್ನೇರುಘಟ್ಟದ ರಸ್ತೆಗಳ ಆಚೆ ತೋಟಗಳುಳ್ಳ ಜಮೀನುದಾರರಲ್ಲಿಯೂ ಕೆಲವರು ಸವಾರಿಗಾಗಿ, ಊರ ಜಾತ್ರೆಯ ಮೆರವಣಿಗೆಗಾಗಿ, ಅಥವಾ ಬಾಡಿಗೆಯ ಲಾಭಕ್ಕಾಗಿ ಕುದುರೆ ಕಟ್ಟಲು ಆರಂಭಿಸಿದ್ದಾರೆ. ಮಾರವಾಡದ ಕುದುರೆ, ಕಾಠೇವಾಡದ ಕುದುರೆ ಎಂದು ದೂರದಿಂದ ತರಿಸುವುದೂ ಉಂಟು. ಇವರಲ್ಲಿ ಬಹುಮಂದಿ ಕೇಳುವ ಮೊದಲನೆಯ ಪ್ರಶ್ನೆ ಬಣ್ಣದ್ದು, ಎರಡನೆಯದು ಸುಳಿಯದ್ದು, ಕಾಲಿನ ಮಾತು ಬರುವ ಹೊತ್ತಿಗೆ ಮುಂಗಡದ ಹಣವು ಕೈಬಿಟ್ಟಿರುತ್ತದೆ.

ಬಣ್ಣದ ಮೇಲಣ ಈ ಮೋಹವು ಇಂದಿನದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಕುದುರೆಗಳ ದೇಶಭೇದ, ವರ್ಣಭೇದ, ಸುಳಿಗಳ ಶುಭಾಶುಭ ಮುಂತಾದುವನ್ನು ಹೇಳಿದೆ. ಅದೇ ಶತಮಾನದ ಹೇಮಚಂದ್ರನು ತನ್ನ ಕೋಶದಲ್ಲಿ ಬಿಳಿಯ ಕುದುರೆಗೆ ಕರ್ಕ, ಕೆಂಪಿನದಕ್ಕೆ ಕ್ರಿಯಾಹ, ಕಪ್ಪಿಗೆ ಖುಂಗಾಹ, ಅಮೃತವರ್ಣದ್ದಕ್ಕೆ ಸೇರಾಹ ಎಂದು ಹೆಸರುಗಳನ್ನು ಪಟ್ಟಿಮಾಡಿರುವನು. ಇವುಗಳಲ್ಲಿ ಹಲವು ಸಂಸ್ಕೃತದ ಧಾತುವಿನಿಂದ ಹುಟ್ಟಿದ ಪದಗಳಂತೆ ಕಿವಿಗೆ ಕೇಳಿಸುವುದೇ ಇಲ್ಲ. ಕುದುರೆಯೊಡನೆ ಅದನ್ನು ಮಾರುವವನ ಮಾತೂ ದೇಶದೊಳಕ್ಕೆ ಬಂದಿತೆಂದು ಊಹಿಸುವುದು ತಪ್ಪಾಗಲಾರದು. ಇಂದಿಗೂ ಉತ್ತರದ ಜಾತ್ರೆಗಳಲ್ಲಿ ಕುಮೈತ್, ಮುಷ್ಕಿ, ಅಬಲಕ್, ನುಕ್ರಾ ಎಂಬ ವ್ಯಾಪಾರಿಗಳ ಮಾತುಗಳು ನಡೆಯುತ್ತಿರುವುವು. ಬಾಲ, ಎದೆ, ನಾಲ್ಕು ಗೊರಸು, ಜೂಲು, ಮುಖ ಈ ಎಂಟೂ ಬೆಳ್ಳಗಿರುವ ಕುದುರೆಯನ್ನು ಅಷ್ಟಮಂಗಲವೆಂದರು. ನಾಲ್ಕು ಕಾಲೂ ಮುಖವೂ ಬೆಳ್ಳಗಿರುವ ಪಂಚಕಲ್ಯಾಣಿಯ ಹೆಸರನ್ನು ಕೇಳದ ಗ್ರಾಮಸ್ಥನು ನಮ್ಮ ಸೀಮೆಯಲ್ಲಿ ದುರ್ಲಭ.

ಈ ಪಂಚಕಲ್ಯಾಣಿಯ ಸಂಗತಿಯೇ ವಿಚಾರಕ್ಕೆ ತಕ್ಕುದಾಗಿದೆ. ನಮ್ಮಲ್ಲಿ ಮನೆಗೆ ಐಶ್ವರ್ಯವನ್ನು ತರುವುದೆಂದು ಹೆಚ್ಚು ಬೆಲೆ ಕೊಟ್ಟು ಕೊಳ್ಳುವ ಇದೇ ಕುದುರೆಯನ್ನು ಇಂಗ್ಲೆಂಡಿನ ಹಳ್ಳಿಗಾಡಿನ ರೈತನು ಹಿಂದಿನಿಂದ ಹೇಳಿಕೊಂಡು ಬಂದ ಗಾದೆಯಂತೆ ದೂರವಿಡುತ್ತಿದ್ದನು. ಒಂದು ಕಾಲು ಬೆಳ್ಳಗಿದ್ದರೆ ಕೊಳ್ಳಬಹುದು, ಕಾಲುಗಳ ಬಿಳುಪು ಹೆಚ್ಚಿದಂತೆಲ್ಲ ಸಂದೇಹಪಡಬೇಕು, ನಾಲ್ಕೂ ಬೆಳ್ಳಗಿದ್ದರೆ ಅದರ ಗೊಡವೆಗೇ ಹೋಗಬಾರದು ಎಂಬುದು ಅವರ ನಂಬಿಕೆ. ಬಿಳಿಯ ಗೊರಸು ಮೃದುವಾಗಿದ್ದು ಬೇಗನೆ ಸವೆಯುವುದೆಂದು ಅದಕ್ಕೆ ಅವರು ಕಾರಣವನ್ನೂ ಹೇಳುತ್ತಿದ್ದರು. ಗೊರಸಿನ ಗಟ್ಟಿತನವನ್ನು ಅಳೆದು ನೋಡಿದವರಿಗೆ ಬಿಳಿಗೂ ಕಪ್ಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವು ಕಂಡುಬಂದಿಲ್ಲ. ಮೇವು, ನೆಲದ ತೇವ, ಲಾಳ ಕಟ್ಟುವವನ ಕೈ, ಇವುಗಳಿಂದಲೇ ಗೊರಸು ಕೆಡುವುದು ಅಥವಾ ಉಳಿಯುವುದು. ಒಂದೇ ಗುರುತು ಒಂದು ದೇಶದಲ್ಲಿ ಭಾಗ್ಯವೂ ಇನ್ನೊಂದು ದೇಶದಲ್ಲಿ ದೋಷವೂ ಆಗುವುದಾದರೆ, ಆ ಗುರುತಿನ ಫಲವು ಕುದುರೆಯಲ್ಲಿಲ್ಲ, ನೋಡುವವನಲ್ಲಿದೆ ಎಂದೇ ಹೇಳಬೇಕಾಗುತ್ತದೆ. ಮಾರವಾಡದಲ್ಲಿಯೂ ಹೀಗೆಯೇ, ಅಲ್ಲಿ ಕಪ್ಪು ಕುದುರೆಯನ್ನು ಮೃತ್ಯುವಿನ ಬಣ್ಣವೆಂದು ಹಿಂದಿನವರು ಅಶುಭವಾಗಿ ಎಣಿಸುತ್ತಿದ್ದರು. ಈಗ ಅದೇ ಮಾರವಾಡಿ ತಳಿಯ ಅಚ್ಚ ಕಪ್ಪು ಕುದುರೆಗೆ ಶ್ರೀಮಂತರು ಲಕ್ಷಗಟ್ಟಲೆ ಸುರಿಯುತ್ತಾರೆ.

ಹಾಗೆ ಸುರಿದುದರ ಫಲಕ್ಕೆ ಒಂದು ನಿದರ್ಶನವುಂಟು. 2022ನೆಯ ಇಸವಿಯಲ್ಲಿ ಪಂಜಾಬಿನ ಸಂಗ್ರೂರು ಜಿಲ್ಲೆಯಲ್ಲಿ ಒಬ್ಬ ಬಟ್ಟೆಯ ವ್ಯಾಪಾರಿಯು ಅಪೂರ್ವವಾದ ಕಪ್ಪು ಮಾರವಾಡಿ ಕುದುರೆಯೆಂದು ನಂಬಿ 22 ಲಕ್ಷ ರೂಪಾಯಿಗಳಿಗಿಂತ ಹೆಚ್ಚು ಹಣಕ್ಕೆ ವ್ಯಾಪಾರ ಕುದುರಿಸಿದನು. ಮನೆಗೆ ತಂದು ನೀರು ಹಾಕಿ ತೊಳೆದಾಗ ಕಪ್ಪು ಬಣ್ಣವು ನೀರಿನೊಡನೆ ಹರಿದುಹೋಗಿ ಒಳಗಿನಿಂದ ಸಾಧಾರಣವಾದ ಕೆಂಪು ಕುದುರೆ ಹೊರಬಿದ್ದಿತೆಂದು ಪೊಲೀಸರಲ್ಲಿ ಫಿರ್ಯಾದಾಯಿತು. ಈ ವೃತ್ತಾಂತವನ್ನು ಓದಿ ನಕ್ಕವರು ಬಹಳ. ಆದರೆ ಬಣ್ಣ ತೊಳೆದುಹೋದ ಮೇಲೆ ಆ ಕುದುರೆಯ ಎಲುಬಾಗಲಿ ಉಸಿರಾಗಲಿ ನಡೆಯಾಗಲಿ ಕಿಂಚಿತ್ತಾದರೂ ಬದಲಾಯಿತೇ? ಬೆಳಿಗ್ಗೆ ಇದ್ದ ಪ್ರಾಣಿಯೇ ಸಾಯಂಕಾಲಕ್ಕೂ ಇದ್ದಿತು. ಬೆಲೆ ಮಾತ್ರ ಹಾರಿಹೋಗಿದ್ದಿತು. ಕೊಂಡವನು ತೆತ್ತ ಹಣದಲ್ಲಿ ಕುದುರೆಗೆ ಎಷ್ಟು, ಬಣ್ಣಕ್ಕೆ ಎಷ್ಟು ಎಂಬ ಲೆಕ್ಕವು ಇದರಿಂದ ಸ್ಪಷ್ಟವಾಗುವುದು.

ಮೋಸವೇ ಇಲ್ಲದೆಯೂ ಮೋಸಹೋಗುವ ಸಂದರ್ಭವು ಬಿಳಿಯ ಕುದುರೆಯ ವಿಷಯದಲ್ಲಿ ಉಂಟಾಗುತ್ತದೆ. ಜನರು ಬಿಳಿ ಎಂದು ಕರೆಯುವ ಕುದುರೆಗಳಲ್ಲಿ ಎರಡು ಬಗೆ. ಹುಟ್ಟಿದಾಗಿನಿಂದಲೇ ಬಿಳಿಯ ಕೂದಲೂ ನಸುಗೆಂಪು ಚರ್ಮವೂ ಇರುವುದು ಒಂದು. ಉತ್ತರದವರ ನುಕ್ರಾ ಈ ಬಗೆಗೆ ಸೇರಿದುದು. ಹುಟ್ಟಿದಾಗ ಕಪ್ಪೋ ಕಂದೋ ಕೆಂಪೋ ಆಗಿದ್ದು, ವರ್ಷ ವರ್ಷಕ್ಕೆ ನರೆಯುತ್ತ ಬೂದಿಬಣ್ಣಕ್ಕೆ ತಿರುಗಿ, ಆರೆಂಟು ವರ್ಷಗಳ ವೇಳೆಗೆ ಬೆಳ್ಳಗಾಗುವುದು ಇನ್ನೊಂದು. ಇದರ ಚರ್ಮವು ಕಡೆಯವರೆಗೂ ಕಪ್ಪಾಗಿಯೇ ಇರುವುದು. ಮೂತಿಯನ್ನೂ ಕಣ್ಣಿನ ಸುತ್ತನ್ನೂ ನೋಡಿದರೆ ಯಾವ ಬಗೆಯೆಂಬುದು ತಿಳಿಯುತ್ತದೆ. ಈ ಎರಡನೆಯ ಬಗೆಯ ಮರಿಯು ಕಪ್ಪೆಂದು ಹೀಗಳೆದು ಅರ್ಧ ಬೆಲೆಗೆ ಮಾರಿದವನು ಮುಂದೆ ಅದೇ ಕುದುರೆ ಬೆಳ್ಳಗಾಗಿ ಮೆರವಣಿಗೆಯಲ್ಲಿ ನಡೆಯುವುದನ್ನು ಕಂಡು ಹಲುಬಬೇಕಾಗುತ್ತದೆ. ಇಂಥ ಮರಿಗಳಲ್ಲಿ ನರೆಯ ಕೂದಲು ಸಾಮಾನ್ಯವಾಗಿ ಕಣ್ಣಿನ ಸುತ್ತ ಮೊದಲು ಕಾಣಿಸಿಕೊಳ್ಳುವುದು. ತಂದೆ ತಾಯಿಗಳಲ್ಲಿ ಒಂದಾದರೂ ಇದೇ ಬಗೆಯದಾಗಿರದೆ ಮರಿಯು ಹೀಗೆ ನರೆಯಲಾರದು. ಮರಿ ಮಾಡಿಸುವವರು ತಿಳಿದಿರಬೇಕಾದ ಮತ್ತೊಂದು ವಿಷಯವೇನೆಂದರೆ, ಗಂಡು ಹೆಣ್ಣು ಎರಡೂ ಜೂಲು ಬಾಲಗಳವರೆಗೂ ಕೆಂಪಾದುವುಗಳಾಗಿದ್ದರೆ ಹುಟ್ಟುವುದು ಕೆಂಪು ಮರಿಯೇ; ಎಷ್ಟು ಹರಕೆ ಹೊತ್ತರೂ ಅದರಲ್ಲಿ ಕಪ್ಪು ಬಾರದು.

ಬಣ್ಣವು ಏನನ್ನೂ ಹೇಳುವುದಿಲ್ಲವೆಂದು ವಾದಿಸುವುದು ನ್ಯಾಯವಲ್ಲ. ಹೇಳುವುದನ್ನು ಕೊಳ್ಳುವವರು ಕೇಳಿಸಿಕೊಳ್ಳುವುದಿಲ್ಲವೆಂಬುದೇ ಆಕ್ಷೇಪಣೆ. ನರೆತು ಬೆಳ್ಳಗಾಗುವುದಕ್ಕೆ ಕಾರಣವಾದ ವಂಶಗತ ಅಂಶವನ್ನು ಸ್ವೀಡನ್ನಿನ ಉಪ್ಸಾಲದ ವಿಜ್ಞಾನಿಗಳೂ ಅವರ ಸಹಕಾರಿಗಳೂ 2008ರಲ್ಲಿ ಗುರುತಿಸಿದರು. ಅದೇ ಅಂಶವು ಚರ್ಮದಲ್ಲಿ ಕರಿಯ ಗಂಟುಗಳನ್ನೂ ಉಂಟುಮಾಡುವುದು. 15 ವರ್ಷಗಳನ್ನು ದಾಟಿದ ಇಂಥ ಕುದುರೆಗಳಲ್ಲಿ 100ಕ್ಕೆ 70ರಿಂದ 80ರಲ್ಲಿ ಈ ಗಂಟುಗಳು ಇರುವುವೆಂದು ಕಂಡುಬಂದಿದೆ. ಬಾಲದ ಬುಡದ ಕೆಳಗೆ, ಗುದದ ಸುತ್ತ, ತುಟಿಯ ಬಳಿ ಇವು ಹೆಚ್ಚು. ಬಹುಕಾಲ ನಿರಪಾಯವಾಗಿದ್ದು ಕೆಲವು ಕುದುರೆಗಳಲ್ಲಿ ಒಳಗಿನ ಅಂಗಗಳಿಗೂ ಹರಡಿ ಪ್ರಾಣಹಾನಿಯಾಗುವುದುಂಟು. ಆದುದರಿಂದ ವಯಸ್ಸಾದ ಬಿಳಿಯ ಕುದುರೆಯನ್ನು ಕೊಳ್ಳುವವನು ಅದರ ಬಾಲವನ್ನು ಎತ್ತಿ ನೋಡತಕ್ಕದ್ದು. ನೂರು ಜನರ ಎದುರಿನಲ್ಲಿ ಹಾಗೆ ಮಾಡಲು ಸಂಕೋಚಪಡುವವರು ಕುದುರೆಯ ವ್ಯಾಪಾರಕ್ಕೆ ಕೈಹಾಕದಿರುವುದೇ ಲೇಸು. ಇನ್ನು ನಸುಗೆಂಪು ಚರ್ಮದ ನುಕ್ರಾ ಬಗೆಯದು ಬಿಸಿಲನ್ನು ತಡೆಯಲಾರದು. ಮೂತಿಯ ಮೇಲೂ ಕಣ್ಣಿನ ಸುತ್ತಲೂ ಚರ್ಮವು ಸುಟ್ಟು ಸಿಪ್ಪೆ ಏಳುವುದು. ಬೆಂಗಳೂರಿನ ಹವೆಯು ತಂಪೆಂದು ಹೆಸರಾಗಿದ್ದರೂ ಫಾಲ್ಗುಣ, ಚೈತ್ರದ ನಡುಹಗಲಿನಲ್ಲಿ ತಗಡಿನ ಚಪ್ಪರದ ಪಕ್ಕದಲ್ಲಿ ಕಟ್ಟಿಹಾಕಿದ ಬಿಳಿಯ ಕುದುರೆಯ ಪಾಡು ಬಹಳ ಕಷ್ಟದ್ದು. ಬಿಳಿಯದನ್ನೇ ಬೇಕೆನ್ನುವವರು ನೆರಳಿನ ಖರ್ಚನ್ನೂ ಬೆಲೆಯೊಡನೆ ಸೇರಿಸಿಕೊಳ್ಳಬೇಕು.

ವಿಜಯನಗರದ ಸಾಳುವ ನರಸಿಂಹರಾಯನು ಹೊರ್ಮುಜ್, ಏಡನ್ ರೇವುಗಳಿಂದ ಕುದುರೆಗಳನ್ನು ತರಿಸುತ್ತ, ಮೂರಕ್ಕೆ ಸಾವಿರ ಪರದಾವುಗಳಂತೆ ಬದುಕಿದ್ದಕ್ಕೂ ಸತ್ತುದಕ್ಕೂ ಹಣ ಕೊಡುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದು ತೋರಿಸಿದರೂ ಪೂರ್ಣ ಬೆಲೆ ಸಲ್ಲುತ್ತಿದ್ದಿತೆಂದೂ ಪೋರ್ಚುಗೀಸ್ ವರ್ತಕ ನೂನಿಜನು ಬರೆದಿರುವನು. ಬಾಲದ ಬಣ್ಣವನ್ನು ರಾಯನು ವಿಚಾರಿಸಿದನೆಂದು ಅವನು ಬರೆದಿಲ್ಲ. ರಾಜ್ಯಕ್ಕೆ ಕುದುರೆ ಬೇಕಾಗಿದ್ದಿತು. ಇಂದು ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರು ದೂರದಲ್ಲಿರುವ ಕುಣಿಗಲ್ಲಿನ ಕಥೆಯೂ ಹೀಗೆಯೇ. ಟಿಪ್ಪು ಸುಲ್ತಾನನ ಕಾಲದಲ್ಲಿ ದಂಡಿನ ಕುದುರೆಗಳಿಗಾಗಿ ಏರ್ಪಟ್ಟ ಆ ಕ್ಷೇತ್ರವು ಮುಂದೆ ಪಂದ್ಯದ ಕುದುರೆಗಳಿಗೆ ಪ್ರಸಿದ್ಧವಾಯಿತು. ಪಂದ್ಯದ ತಳಿಯಲ್ಲಿ ಹೆಚ್ಚಿನ ಪಾಲು ಕಂದು ಮತ್ತು ಕೆಂಪು ಕುದುರೆಗಳೇ. ಅವುಗಳಿಗೆ ದೊಡ್ಡ ಬೆಲೆ ಕೊಡುವವರು ವಂಶಾವಳಿಯನ್ನೂ ಮಂಡಿಯ ಕೀಲನ್ನೂ ಪರೀಕ್ಷಿಸುತ್ತಾರೆ. ಹಣದ ವಿಷಯದಲ್ಲಿ ಅತ್ಯಂತ ಜಾಗರೂಕರಾದ ಈ ಜನರು ಬಣ್ಣಕ್ಕಾಗಿ ಚೀಲ ಬಿಚ್ಚುವುದಿಲ್ಲವೆಂಬುದನ್ನು ಗಮನಿಸಬೇಕು.

ಹಾಗಾದರೆ ನೋಡತಕ್ಕದ್ದೇನು? ಹಲ್ಲಿನಿಂದ ವಯಸ್ಸು; ಗಟ್ಟಿನೆಲದ ಮೇಲೆ ಹಗ್ಗ ಸಡಿಲಬಿಟ್ಟು ಓಡಿಸಿ ಕಾಲಿನ ನಡೆ; ಓಡಿದ ಮೇಲೆ ಉಸಿರು ಎಷ್ಟು ಹೊತ್ತಿಗೆ ತಹಬಂದಿಗೆ ಬರುತ್ತದೆಂಬುದು; ಎರಡು ಕಣ್ಣುಗಳ ದೃಷ್ಟಿ; ಮೆರವಣಿಗೆಗಾದರೆ ವಾದ್ಯಕ್ಕೂ ಜನಜಂಗುಳಿಗೂ ಬೆದರದಿರುವ ಸ್ವಭಾವ. ಇವನ್ನು ಹಳೆಯ ರಾವುತರೂ ಬಲ್ಲರು. ಆದರೆ ಎಲ್ಲಕ್ಕಿಂತ ಮುಖ್ಯವಾಗಿ ಈಗ ವಿಚಾರಿಸಬೇಕಾದುದು ಗ್ಲ್ಯಾಂಡರ್ಸ್ ರೋಗದ ಪರೀಕ್ಷೆ. ಮೂಗಿನಿಂದ ಅಂಟಾದ ಸಿಂಬಳ, ಮೂಗಿನೊಳಗೆ ಹುಣ್ಣು, ಮೈಮೇಲೆ ಸಾಲಾಗಿ ಒಡೆಯುವ ಗಂಟು ಇದರ ಚಿಹ್ನೆಗಳು. ಕೆಲವು ಕುದುರೆಗಳಲ್ಲಿ ಚಿಹ್ನೆಯೇ ಕಾಣದೆ ರೋಗವು ಅಡಗಿರುವುದು. ಕತ್ತೆ, ಹೇಸರಗತ್ತೆಗಳಿಗೂ, ಕುದುರೆಯನ್ನು ನೋಡಿಕೊಳ್ಳುವ ಮನುಷ್ಯನಿಗೂ ಇದು ತಗಲುತ್ತದೆ. 1899ರಷ್ಟು ಹಿಂದೆಯೇ ಈ ರೋಗಕ್ಕಾಗಿ ಪ್ರತ್ಯೇಕವಾದ ಕಾನೂನಾಗಿದ್ದಿತು. 2009ರ ಜಾನುವಾರು ಸಾಂಕ್ರಾಮಿಕ ರೋಗಗಳ ಕಾನೂನು ಅದರ ಸ್ಥಾನಕ್ಕೆ ಬಂದಿದೆ. ರೋಗ ಸಿದ್ಧಪಟ್ಟ ಕುದುರೆಯನ್ನು ಕೊಲ್ಲಿಸದೆ ಬೇರೆ ದಾರಿಯಿಲ್ಲ. ರೋಗಕ್ಕೆ ಪಂಚಕಲ್ಯಾಣಿ ಯಾವುದು, ಹೇಸರಗತ್ತೆ ಯಾವುದು ಎಂಬ ಭೇದವಿಲ್ಲ. ಹೀಗಿದ್ದರೂ ಸುಳಿಯನ್ನು ಎಣಿಸಲು ಶಾಸ್ತ್ರಿಗಳನ್ನು ಕರೆತರುವ ಜಮೀನುದಾರರು ರಕ್ತವನ್ನು ಪರೀಕ್ಷಿಸಲು ಸರ್ಕಾರದ ಪಶುವೈದ್ಯರನ್ನು ಕರೆಯಲು ಮರೆಯುವುದು ಸೋಜಿಗವಾಗಿದೆ. ಘಾಟಿಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಯನ್ನು ಕೊಳ್ಳುವ ರೈತನಾದರೂ ಸುಳಿ ನೋಡಿದ ಮೇಲೆ ನೊಗಕ್ಕೆ ಕಟ್ಟಿ ನಡೆಸಿ ನೋಡುತ್ತಾನೆ.

ಬಣ್ಣದ ಹಟದಿಂದ ನಷ್ಟವಾಗುವುದು ಕೊಳ್ಳುವ ಶ್ರೀಮಂತನಿಗೆ ಮಾತ್ರವಲ್ಲ. ಕುದುರೆಯನ್ನೇ ನಂಬಿ ಬಾಳುವ ಬಡವನಲ್ಲಿ ಸೌಮ್ಯಸ್ವಭಾವದ, ಗಟ್ಟಿಕಾಲಿನ ಕಂದು ಹೆಣ್ಣುಕುದುರೆಯೊಂದಿರಬಹುದು. ಮದುವೆಗಳ ದಿವಸಗಳಲ್ಲಿ ಅದಕ್ಕೆ ಕರೆ ಬಾರದು. ಅವನು ಸಾಲಮಾಡಿ ಬಿಳಿಯದೊಂದನ್ನು ತರುವನು. ಕೈಗೆಟುಕುವ ಬೆಲೆಗೆ ಸಿಕ್ಕುವ ಬಿಳಿಯದು ಮುದಿಯೋ ಕುಂಟೋ ಆಗಿರುವುದು. ಒಂದೇ ಸಾಯಂಕಾಲ ಎರಡು ಮೂರು ಮಂಟಪಗಳಿಗೆ ಅದನ್ನೇ ಓಡಿಸಿ ಸಾಲವನ್ನು ತೀರಿಸಬೇಕಾಗುವುದು. ಹೀಗೆ ದಣಿದ ಕುದುರೆಯು ಪಟಾಕಿಯ ಸದ್ದಿಗೆ ಬೆದರಿ ಜಾರಿಬಿದ್ದಾಗ ಜನರು ಬೈಯುವುದು ಲಗಾಮು ಹಿಡಿದವನನ್ನು. ಬಿಳಿಯದೇ ಬೇಕೆಂದವರನ್ನು ಯಾರೂ ಕೇಳುವುದಿಲ್ಲ. ಕನ್ನಡ ನಾಡಿನ ಹೆಚ್ಚಿನ ಕುಲಗಳ ಮದುವೆಯ ಶಾಸ್ತ್ರದಲ್ಲಿ ಬಿಳಿಯ ಕುದುರೆಯು ಅಗತ್ಯವೆಂಬ ವಿಧಿಯೂ ಇಲ್ಲ. ಇದು ಬಹುಮಟ್ಟಿಗೆ ಉತ್ತರದವರ ಪದ್ಧತಿಯನ್ನು ಕಂಡು ಈಚೆಗೆ ಬೆಳೆದ ಚಪಲ.

ಕಣ್ಣಿಗೆ ಒಪ್ಪುವ ಬಣ್ಣವನ್ನು ಬಯಸುವುದು ಯಾರಿಗೂ ಸಹಜ. ಸರಿಸಮಾನವಾದ ಎರಡು ಕುದುರೆಗಳಲ್ಲಿ ಇಷ್ಟವಾದ ಬಣ್ಣದ್ದನ್ನು ಆರಿಸಿಕೊಂಡರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಊರ ಮುಖ್ಯಸ್ಥರ ಮಾತಿಗೆ ಈ ವಿಷಯದಲ್ಲಿ ಬೆಲೆಯಿದೆ. ಜಾತ್ರೆಗೂ ಉತ್ಸವಕ್ಕೂ ಕುದುರೆಯನ್ನು ಗೊತ್ತುಮಾಡುವವರು ಅವರೇ. ಅವರು ಕಂದು ಕುದುರೆಯನ್ನು ಮುಂದೆ ನಡೆಸಿದರೆ ಮಿಕ್ಕವರು ಅನುಸರಿಸುವರು. ಕುದುರೆಯು ಬಂದ ದಿವಸ ಹದವಾದ ನೀರಿನಲ್ಲಿ ಒಮ್ಮೆ ಮೈ ತೊಳೆಯಿಸಿ ಕೂದಲಿನ ಬುಡವನ್ನು ನೋಡಿದ ಮೇಲೆಯೇ ಹಣವನ್ನು ಎಣಿಸತಕ್ಕದ್ದು. ಬಾಡಿಗೆಯ ಕರಾರಿನ ಚೀಟಿಯಲ್ಲಿ ಬಿಳಿ ಎಂಬ ಮಾತನ್ನು ಬರೆಯಿಸುತ್ತಿರುವ ಸ್ಥಳದಲ್ಲಿ ರಕ್ತಪರೀಕ್ಷೆಯ ತಾರೀಖನ್ನೂ, ಅದೇ ದಿವಸ ಆ ಕುದುರೆಗೆ ಬೇರೆ ಮೆರವಣಿಗೆ ಇಲ್ಲವೆಂಬುದನ್ನೂ ಬರೆಯಿಸಿಕೊಳ್ಳಬಹುದು.