ಜಾಹೀರಾತಿನ ಮದ್ದು

ಪತ್ರಿಕೆಯ ಸುದ್ದಿಯನ್ನು ಸಂಶಯದಿಂದ ಓದುವ ಜಾಣರೂ ಮದ್ದಿನ ಜಾಹೀರಾತನ್ನು ಕೊಂಚ ನಂಬಿಕೆಯಿಂದಲೇ ಓದುವುದುಂಟು. ದೇಹ ನೊಂದಾಗ ಬುದ್ಧಿ ತನ್ನ ಕಾವಲನ್ನು ಸಡಿಲಿಸುತ್ತದೆ. ಆದರೆ ಅಚ್ಚಾದ ಮಾತಿಗೆ ಇಷ್ಟೊಂದು ಬಲ ಬಂದದ್ದು ಹೇಗೆ? ಇದನ್ನು ತಿಳಿಯಬೇಕಾದರೆ ಪತ್ರಿಕೆಗಳ ಬಾಲ್ಯಕ್ಕೆ ಹೋಗಬೇಕು. ಇಂಗ್ಲಿಷರ ವಸಾಹತಾಗಿದ್ದ ಕಾಲದ ಉತ್ತರ ಅಮೆರಿಕ ಇದಕ್ಕೆ ಒಳ್ಳೆಯ ನಿದರ್ಶನ.

1704ರ ಏಪ್ರಿಲ್ 24ರಂದು ಬಾಸ್ಟನ್ ನಗರದ ಅಂಚೆ ಅಧಿಕಾರಿ ಜಾನ್ ಕ್ಯಾಂಪ್‌ಬೆಲ್ ‘ಬಾಸ್ಟನ್ ನ್ಯೂಸ್ ಲೆಟರ್’ ಎಂಬ ವಾರಪತ್ರಿಕೆಯನ್ನು ಆರಂಭಿಸಿದನು. ಮನೆ, ಜಮೀನು, ಹಡಗು, ಸರಕು ಇವುಗಳನ್ನು ಮಾರುವವರೂ ವಸ್ತು ಕಳೆದುಕೊಂಡವರೂ ಪ್ರಕಟಣೆ ಕೊಡಬಹುದು, ದರ 12 ಪೆನ್ಸ್ ಮೊದಲ್ಗೊಂಡು 5 ಷಿಲಿಂಗಿನವರೆಗೆ, ಎಂದು ಮೊದಲ ಸಂಚಿಕೆಯೇ ಸಾರಿತು. ಕೆಲವೇ ದಿನಗಳಲ್ಲಿ ಒಂದು ಪ್ರಕಟಣೆ ಬಂದಿತು. ಬಾಸ್ಟನ್ನಿನ ಒಂದು ಹಡಗುಕಟ್ಟೆಯಲ್ಲಿ ಕಮ್ಮಾರರು ಬಳಸುವ ಕಬ್ಬಿಣದ ಅಡಿಗಲ್ಲುಗಳು ಎರಡು ಕಾಣೆಯಾಗಿದ್ದವು. ಕಾಣೆಯಾದ ದಿನ ಏಪ್ರಿಲ್ 10. ಒಂದೊಂದರ ತೂಕ 120ರಿಂದ 140 ಪೌಂಡು. ಸುಳಿವು ಕೊಟ್ಟವರಿಗೆ ಬಹುಮಾನ.

ಈ ಪುಟ್ಟ ಪ್ರಕಟಣೆಯನ್ನು ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. ಅದರಲ್ಲಿ ಸ್ಥಳವಿದೆ, ದಿನಾಂಕವಿದೆ, ತೂಕವಿದೆ. ಅದು ಸುಳ್ಳಾದರೆ ಊರಿನವರೇ ಮರುದಿನ ಹೇಳಿಬಿಡುತ್ತಾರೆ. ಹೊರಡಲಿರುವ ಹಡಗು, ಮಾರಾಟಕ್ಕಿರುವ ಮನೆ, ತಪ್ಪಿಸಿಕೊಂಡ ಕುದುರೆ ಇವುಗಳ ಪ್ರಕಟಣೆಗಳೆಲ್ಲ ಇದೇ ಬಗೆಯವು. ಓಡಿಹೋದ ಗುಲಾಮರನ್ನು ಹುಡುಕುವ ಕ್ರೂರ ಪ್ರಕಟಣೆಗಳಲ್ಲಿಯೂ ಎತ್ತರ, ಗಾಯದ ಕಲೆ, ಉಟ್ಟ ಬಟ್ಟೆ ಎಲ್ಲವೂ ನಿಖರವಾಗಿರುತ್ತಿದ್ದವು. ನಿಖರವಾದುದೆಲ್ಲ ನ್ಯಾಯವಲ್ಲವೆಂಬುದಕ್ಕೆ ಅವೇ ಸಾಕ್ಷಿ. ಅದಿರಲಿ, ಅಚ್ಚಾದ ಪ್ರಕಟಣೆಯನ್ನು ನಂಬಬಹುದೆಂಬ ಅಭ್ಯಾಸವನ್ನು ಓದುಗರಲ್ಲಿ ಬೆಳೆಸಿದವು ಇಂಥ ಊರ ಪ್ರಕಟಣೆಗಳು.

ಈ ನಂಬಿಕೆಯ ನೆರಳಿಗೆ ಮದ್ದಿನ ಸೀಸೆಯೂ ಬಂದು ಕುಳಿತಿತು. 1708ರ ಅಕ್ಟೋಬರಿನಲ್ಲಿ ಅದೇ ಪತ್ರಿಕೆಯಲ್ಲಿ ನಿಕೊಲಸ್ ಬೂನ್ ಎಂಬ ಪುಸ್ತಕ ವ್ಯಾಪಾರಿ ಲಂಡನ್ನಿನ ‘ಡ್ಯಾಫಿಯ ಎಲಿಕ್ಸಿರ್’ ತನ್ನಲ್ಲಿ ದೊರೆಯುವುದೆಂದು ಪ್ರಕಟಿಸಿದನು. ಅರ್ಧ ಪೈಂಟಿನ ಸೀಸೆಗೆ 4 ಷಿಲಿಂಗ್ 6 ಪೆನ್ಸ್. ಬೆಲೆ ನಿಖರ, ಅಳತೆ ನಿಖರ. ಆದರೆ ಸೀಸೆಯೊಳಗೆ ಏನಿದೆ? ಅದು ಯಾರಿಗೆ, ಎಷ್ಟು ಮಂದಿಗೆ ಗುಣ ಕೊಟ್ಟಿತು? ಈ ಪ್ರಶ್ನೆಗಳಿಗೆ ಉತ್ತರವಿಲ್ಲ. ವಾಸ್ತವವಾಗಿ ಅದು ಸೋನಾಮುಖಿ ಮೊದಲಾದವನ್ನು ಮದ್ಯದಲ್ಲಿ ನೆನೆಸಿ ತಯಾರಿಸಿದ ಭೇದಿಯ ಔಷಧಿ. ಅಡಿಗಲ್ಲನ್ನು ತೂಗಿ ನೋಡಬಹುದಾಗಿತ್ತು. ಎಲಿಕ್ಸಿರಿನ ಗುಣವನ್ನು ತೂಗುವ ತಕ್ಕಡಿ ಕೊಳ್ಳುವವನ ಬಳಿ ಇರಲಿಲ್ಲ. ಆದರೂ ಎರಡೂ ಒಂದೇ ಪತ್ರಿಕೆಯಲ್ಲಿ ಒಂದೇ ಬಗೆಯ ಪ್ರಕಟಣೆಗಳಾಗಿ ಬಂದವು.

ಇಂಥ ಮದ್ದುಗಳಿಗೆ ‘ಪೇಟೆಂಟ್ ಔಷಧಿ’ ಎಂಬ ಹೆಸರು ಬಂದಿತು. ಪೇಟೆಂಟ್ ಎಂದರೆ ಆ ವಸ್ತುವನ್ನು ಮಾರುವ ಏಕಮಾತ್ರ ಹಕ್ಕನ್ನು ಕೊಡುವ ಅರಸನ ಸನ್ನದು; ಗುಣದ ಪರೀಕ್ಷೆಗೂ ಅದಕ್ಕೂ ಸಂಬಂಧವಿಲ್ಲ. ಎಷ್ಟೋ ಮದ್ದುಗಳಿಗೆ ಆ ಸನ್ನದೂ ಇರಲಿಲ್ಲ. ರಾಬರ್ಟ್ ಟರ್ಲಿಂಗ್‌ಟನ್ ಎಂಬಾತ 1744ರಲ್ಲಿ 27 ಪದಾರ್ಥಗಳ ಒಂದು ಬಾಲ್ಸಮಿಗೆ ಸನ್ನದು ಪಡೆದನು. ಅದರ ನಕಲು ಹೆಚ್ಚಿದಾಗ ಆತನು ಸೀಸೆಯ ಆಕಾರವನ್ನೇ ವಿಶಿಷ್ಟವಾಗಿ ಮಾಡಿಸಿದನು. ಅಮೆರಿಕದ ಔಷಧಿ ವ್ಯಾಪಾರಿಗಳು ಮುಂದೆ ಅಂಥದೇ ಸೀಸೆಗಳಲ್ಲಿ ತಮ್ಮ ಮದ್ದನ್ನು ತುಂಬಿ ಮಾರಿದರು. ಜನ ಗುರುತಿಸುತ್ತಿದ್ದುದು ಸೀಸೆಯನ್ನು, ಒಳಗಿನ ಮದ್ದನ್ನಲ್ಲ. 1824ರಲ್ಲಿ ಫಿಲಡೆಲ್ಫಿಯದ ಔಷಧಶಾಸ್ತ್ರ ಕಾಲೇಜು ಇಂಥ ಎಂಟು ಮದ್ದುಗಳ ತಯಾರಿಕೆಯನ್ನು ವಿಚಾರಿಸಿದಾಗ, ಒಂದೇ ಹೆಸರಿನ ಮದ್ದಿಗೆ ಬೇರೆ ಬೇರೆ ಪಾಕಗಳಿದ್ದವು. ಎದೆಯ ಬೇನೆಗೆಂದು ಮಾರುತ್ತಿದ್ದ ‘ಬೇಟ್‌ಮನ್ ಹನಿ’ಯಲ್ಲಿ ಅಫೀಮಿನ ಪ್ರಮಾಣ ಒಬ್ಬನದಕ್ಕಿಂತ ಇನ್ನೊಬ್ಬನದರಲ್ಲಿ ಹಲವು ಪಟ್ಟು ಹೆಚ್ಚಾಗಿತ್ತು.

ಪತ್ರಿಕೆಯವರಾದರೂ ಇದನ್ನು ತಡೆಯಬಾರದಾಗಿತ್ತೇ ಎಂದು ಕೇಳಬಹುದು. ತಡೆಯಬೇಕಾದವರೇ ಮಾರುವವರೂ ಆಗಿದ್ದರು. ಮುದ್ರಣಾಲಯದ ಅಂಗಡಿಯಲ್ಲಿ ಪುಸ್ತಕ, ಕಾಗದ, ಶಾಯಿಗಳೊಡನೆ ಮದ್ದೂ ಸಿಕ್ಕುತ್ತಿತ್ತು. ಮುಂದೆ ವಿಜ್ಞಾನಿಯೆಂದು ಜಗತ್ಪ್ರಸಿದ್ಧನಾದ ಬೆಂಜಮಿನ್ ಫ್ರಾಂಕ್ಲಿನ್ ಕೂಡ ತನ್ನ ‘ಪೆನ್ಸಿಲ್ವೇನಿಯಾ ಗೆಜೆಟ್’ನಲ್ಲಿ 1731ರಲ್ಲಿ ತನ್ನ ಅತ್ತೆಯು ತಯಾರಿಸುತ್ತಿದ್ದ ಕಜ್ಜಿಯ ಮುಲಾಮನ್ನು ಪ್ರಕಟಿಸಿದನು. ಅದು ಎಂದೂ ವಿಫಲವಾಗದು, ಹಾಲುಕುಡಿಯುವ ಕೂಸಿಗೂ ನಿರಪಾಯವಾದುದು ಎಂಬುದು ಅದರ ಧಾಟಿ.

ಕೊಂಡವರು ಮೂರ್ಖರೆಂದು ಹೇಳಲಾಗದು. ಹಳ್ಳಿಗಳಲ್ಲಿ ವೈದ್ಯರು ವಿರಳ. ಇದ್ದವರೂ ರಕ್ತ ತೆಗೆಯುವುದು, ಭೇದಿ ಮಾಡಿಸುವುದು ಇವನ್ನೇ ಹೆಚ್ಚಾಗಿ ಬಲ್ಲವರು. ಅಲ್ಲದೆ ನೆಗಡಿ, ಹೊಟ್ಟೆನೋವು, ಸಣ್ಣ ಜ್ವರಗಳು ಬಹುಮಟ್ಟಿಗೆ ತಾವಾಗಿಯೇ ವಾಸಿಯಾಗುವ ಬೇನೆಗಳು. ನೂರು ಮಂದಿ ಸೀಸೆ ಕೊಂಡು, ತೊಂಬತ್ತು ಮಂದಿ ವಾರದೊಳಗೆ ಎದ್ದು ಓಡಾಡಿದರೆಂದು ಭಾವಿಸೋಣ. ಸೀಸೆ ಕೊಳ್ಳದಿದ್ದರೂ ಅಷ್ಟೇ ಮಂದಿ ಏಳುತ್ತಿದ್ದರೋ ಏನೋ! ಆದರೆ ಎದ್ದವರು ಮದ್ದನ್ನು ಹೊಗಳಿ ಪತ್ರ ಬರೆಯುತ್ತಾರೆ, ಏಳದವರು ಸುಮ್ಮನಿರುತ್ತಾರೆ, ಸತ್ತವರು ಬರೆಯಲಾರರು. ಹೊಗಳಿಕೆಯ ಪತ್ರ ನಿಜವಾಗಿದ್ದರೂ ಅದು ಪ್ರಮಾಣವಾಗದಿರುವುದಕ್ಕೆ ಇದೇ ಕಾರಣ.

ಹಾಗಾದರೆ ಪ್ರಮಾಣ ಯಾವುದು? ಅದೇ ಬಾಸ್ಟನ್ನಿನಲ್ಲಿ 1721ರಲ್ಲಿ ಸಿಡುಬು ಹಬ್ಬಿದಾಗ ಉತ್ತರ ದೊರೆಯಿತು. ರೋಗಿಯ ಗುಳ್ಳೆಯ ಕೀವನ್ನು ಆರೋಗ್ಯವಂತನ ತೋಳಿನ ಗೀರಿಗೆ ಸೇರಿಸಿದರೆ ಸಿಡುಬು ಸೌಮ್ಯವಾಗಿ ಬಂದು ಹೋಗುವುದೆಂಬ ಸಂಗತಿಯನ್ನು, ಆಫ್ರಿಕದಿಂದ ಬಂದ ಒನೆಸಿಮಸ್ ಎಂಬ ಗುಲಾಮನು ಪಾದ್ರಿ ಕಾಟನ್ ಮ್ಯಾಥರನಿಗೆ ತಿಳಿಸಿದ್ದನು. ವೈದ್ಯ ಜಬ್‌ಡೀಲ್ ಬಾಯ್ಲ್‌ಸ್ಟನ್ ಮೊದಲು ತನ್ನ ಮಗನ ಮೇಲೆ ಇದನ್ನು ಪ್ರಯೋಗಿಸಿದನು. ಊರು ಉರಿದೆದ್ದಿತು. ಬೆಂಜಮಿನ್ನನ ಅಣ್ಣ ಜೇಮ್ಸನ ಪತ್ರಿಕೆಯೂ ಇದನ್ನು ವಿರೋಧಿಸಿತು. ಆದರೆ ಬಾಯ್ಲ್‌ಸ್ಟನ್ ಲೆಕ್ಕವಿಟ್ಟನು. ಸಹಜವಾಗಿ ಸಿಡುಬು ಬಂದ 5,700ಕ್ಕೂ ಹೆಚ್ಚು ಜನರಲ್ಲಿ ಸುಮಾರು 840 ಮಂದಿ ಸತ್ತಿದ್ದರು. ಅವನು ಕೀವು ಹಾಕಿದ 240ಕ್ಕೂ ಹೆಚ್ಚು ಜನರಲ್ಲಿ ಸತ್ತವರು 6 ಮಂದಿ. ಒಂದು ಕಡೆ ಏಳರಲ್ಲಿ ಒಬ್ಬ, ಇನ್ನೊಂದು ಕಡೆ ನಲವತ್ತರಲ್ಲಿ ಒಬ್ಬ. ಆ ವಿಧಾನ ನಿರಪಾಯವಾಗಿರಲಿಲ್ಲ. ಆ ಶತಮಾನದ ಕೊನೆಗೆ ಜೆನ್ನರನ ಗೋಸಿಡುಬಿನ ಲಸಿಕೆ ಬಂದ ಮೇಲೆ ಅದು ಹಿಂದೆ ಸರಿಯಿತು. ಆದರೆ ಗಮನಿಸಬೇಕಾದುದು ಬೇರೆ. ಆ ಆರು ಸಾವುಗಳನ್ನು ಬಾಯ್ಲ್‌ಸ್ಟನ್ ಮುಚ್ಚಿಡಲಿಲ್ಲ. 1726ರಲ್ಲಿ ಪುಸ್ತಕದಲ್ಲಿಯೇ ಅಚ್ಚು ಮಾಡಿಸಿದನು.

1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನ ನಾಲ್ಕು ವರ್ಷದ ಮಗ ಫ್ರಾನ್ಸಿಸ್ ಸಿಡುಬಿನಿಂದ ತೀರಿಕೊಂಡನು. ಕೀವು ಹಾಕಿಸಿದ್ದರಿಂದಲೇ ಮಗು ಸತ್ತಿತೆಂಬ ವದಂತಿ ಹಬ್ಬಿ, ಜನ ಅಂಜತೊಡಗಿದರು. ಆಗ ತಂದೆ ತನ್ನ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಹಾಕಿದನು: ಮಗುವಿಗೆ ಕೀವು ಹಾಕಿಸಿರಲಿಲ್ಲ, ಬೇರೊಂದು ಕಾಯಿಲೆ ಗುಣವಾದ ಮೇಲೆ ಹಾಕಿಸಬೇಕೆಂದಿದ್ದೆ, ಅಷ್ಟರಲ್ಲಿ ಸಿಡುಬು ಎಲ್ಲರಿಗೂ ಬರುವಂತೆಯೇ ಬಂದಿತು. ಮುಲಾಮನ್ನು ಹೊಗಳಿದ ಪತ್ರಿಕೆಯಲ್ಲಿಯೇ ಈ ಪ್ರಕಟಣೆಯೂ ಬಂದಿತು. ಒಂದರಿಂದ ಮನೆಗೆ ಹಣ. ಇನ್ನೊಂದರಲ್ಲಿ ತಂದೆ ತನ್ನ ನಷ್ಟವನ್ನೇ ಊರ ಮುಂದಿಟ್ಟು ಇತರರ ಮಕ್ಕಳನ್ನು ಉಳಿಸಲೆಳಸಿದನು. ಜಾಹೀರಾತಿನ ನಿಜವಾದ ಉಪಯೋಗ ಇದೆಂದು ನಾನು ತಿಳಿಯುತ್ತೇನೆ.

ನಮ್ಮ ದೇಶದಲ್ಲಿ 1954ರಲ್ಲಿಯೇ ಸಂಸತ್ತು ಮದ್ದು ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳ ವಿರುದ್ಧ ಕಾಯಿದೆ ಮಾಡಿತು. ಸಿಹಿಮೂತ್ರ, ಕ್ಯಾನ್ಸರ್ ಮೊದಲಾದ ರೋಗಗಳನ್ನು ಗುಣಪಡಿಸುವೆವೆಂದು ಸಾರ್ವಜನಿಕರಿಗೆ ಸಾರುವುದು ಅದರ ಪ್ರಕಾರ ಅಪರಾಧ. ಆದರೂ ಸೀಸೆಯ ಮಾತು ಈಗ ಕೈಯಲ್ಲಿರುವ ದೂರವಾಣಿಯ ಮೂಲಕ, ಪರಿಚಿತರ ಸಂದೇಶಗಳ ನಡುವೆ ಕುಳಿತು, ನಮ್ಮ ಮನೆಗೆ ಬರುತ್ತಿದೆ. ಊರ ಪ್ರಕಟಣೆಗಳ ನಡುವೆ ಎಲಿಕ್ಸಿರ್ ಕುಳಿತಂತೆಯೇ ಇದು. ಕಾಯಿದೆಯೊಂದೇ ಇದನ್ನು ತಡೆಯಲಾರದು. ಓದುಬಲ್ಲ ತರುಣರು ಮೂರು ಪ್ರಶ್ನೆಗಳನ್ನು ಕೇಳಲು ಕಲಿಯಬೇಕು: ಒಳಗೆ ಏನಿದೆ? ತೆಗೆದುಕೊಂಡವರಲ್ಲಿ ಎಷ್ಟು ಮಂದಿಗೆ ಗುಣವಾಗಲಿಲ್ಲ? ಹೊಗಳುವವನಿಗೆ ಲಾಭವೇನು? ಮನೆಯಲ್ಲಿ ಹಿರಿಯರು ಇಂಥ ಮದ್ದನ್ನು ನಂಬಿ ವೈದ್ಯರು ಕೊಟ್ಟ ಔಷಧಿಯನ್ನು ಬಿಡಲು ಹೊರಟಾಗ, ವಿನಯದಿಂದಲೇ ಆದರೂ ಈ ಪ್ರಶ್ನೆಗಳನ್ನು ಕೇಳುವುದು ವಿದ್ಯಾವಂತರಾದ ಮಕ್ಕಳ ಕರ್ತವ್ಯ.