ಸ್ಟುಡಿಯೊದಲ್ಲಿ ಕಲಿಯುವುದೂ ವಿದ್ಯೆಯೇ

ಪರೀಕ್ಷೆಗಳು ಮುಗಿದು ರಜೆ ಸಮೀಪಿಸಿದಂತೆ ಕಾಲೇಜು ವಿದ್ಯಾರ್ಥಿಗಳಿರುವ ಮನೆಗಳಲ್ಲಿ ಇಂಟರ್ನ್‌ಶಿಪ್‌ನ ಮಾತು ಕೇಳಿಬರುತ್ತದೆ. ಮಗನು ಕಾರ್ಖಾನೆಗೆ ಹೋಗುತ್ತೇನೆಂದರೆ ತಂದೆತಾಯಿಗಳಿಗೆ ಸಮಾಧಾನ; ಮಗಳು ಆಸ್ಪತ್ರೆಯ ಪ್ರಯೋಗಾಲಯಕ್ಕೆ ಹೋಗುತ್ತೇನೆಂದರೆ ಹೆಮ್ಮೆ. ಆದರೆ ಧ್ವನಿಮುದ್ರಣ ಸ್ಟುಡಿಯೊದಲ್ಲಿ ಸಂಗೀತ ನಿರ್ಮಾಣ ಕಲಿಯುತ್ತೇನೆಂದರೆ ಮನೆಯಲ್ಲಿ ಮೌನ ಕವಿಯುತ್ತದೆ. ಅದು ವಿದ್ಯೆಯೋ ವಿನೋದವೋ ಎಂಬ ಶಂಕೆಯನ್ನು ಹೊತ್ತು ಪಾಲಕರು ಗುರುಗಳ ಮನೆಗೂ ಬರುತ್ತಾರೆ. ಈ ಶಂಕೆಯನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ; ವಿಚಾರಿಸಿ ಉತ್ತರಿಸಬೇಕೆಂಬುದು ನಮ್ಮ ಅಭಿಪ್ರಾಯ.

ಮನೆ ಕಟ್ಟುತ್ತಲೇ ಮನುಷ್ಯನು ಮನೆ ಕಟ್ಟುವವನಾಗುತ್ತಾನೆ, ವಾದ್ಯ ನುಡಿಸುತ್ತಲೇ ವಾದಕನಾಗುತ್ತಾನೆ ಎಂಬುದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನ ಬೋಧನೆ. ಖಾನಾಪುರದವರಿಗೆ ಇದಕ್ಕೆ ಗ್ರೀಸಿನ ಸಾಕ್ಷಿ ಬೇಕಿಲ್ಲ. ಇದು ಹೆಂಚು ಇಟ್ಟಿಗೆಗಳ ಭಟ್ಟಿಗಳ ಸೀಮೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಇಲ್ಲಿದೆ. ಮಣ್ಣಿನ ಹದವನ್ನು ಪುಸ್ತಕವು ವರ್ಣಿಸಬಲ್ಲದು. ಬೆರಳು ಅದನ್ನು ಅರಿಯುವುದು ಚಕ್ರದ ಮುಂದೆ ಕುಳಿತಾಗ ಮಾತ್ರ. ನಾದದ ಹದವೂ ಹಾಗೆಯೇ. ಗಾಯಕನು ಮೈಕಿಗೆ ತೀರ ಹತ್ತಿರ ಬಂದರೆ ಮಂದ್ರಧ್ವನಿ ಏಕೆ ಉಬ್ಬುತ್ತದೆ, ಒಂದೇ ವಾದ್ಯಕ್ಕೆ ಎರಡು ಮೈಕು ಇಟ್ಟಾಗ ನಾದವು ಕೆಲವೊಮ್ಮೆ ಏಕೆ ತೆಳುವಾಗುತ್ತದೆ, ಬೇರೆ ಬೇರೆಯಾಗಿ ಮುದ್ರಿಸಿದ ಕಂಠ, ತಬಲಾ, ಕೊಳಲುಗಳನ್ನು ಯಾವ ಪ್ರಮಾಣದಲ್ಲಿ ಬೆರೆಸಬೇಕು ಎಂಬುದೆಲ್ಲ ಕಿವಿಯಿಂದಲೇ ಕಲಿಯಬೇಕಾದ ವಿಷಯಗಳು. ಒಂದು ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಗಳಾಗಿ ದಾಖಲಿಸಲಾಗುತ್ತದೆ. ಅಳೆಯುವುದು ಯಂತ್ರದ ಕೆಲಸ. ಆಲಿಸುವುದು ಮನುಷ್ಯನ ಕೆಲಸ. ಇತರರು ಹಾಡುವಾಗ ತಾನು ಸುಮ್ಮನಿದ್ದು ಗಂಟೆಗಟ್ಟಲೆ ಆಲಿಸುವ ಸಂಯಮವನ್ನು ಕಲಿಸುವ ಸ್ಥಳವನ್ನು ಸೋಮಾರಿಗಳ ತಾಣವೆನ್ನಲು ಬರುವುದಿಲ್ಲ.

ಬೆಳಗಾವಿಯ ನೆಲಕ್ಕೆ ಸಂಗೀತ ಹೊಸತೂ ಅಲ್ಲ. ಕುಮಾರ ಗಂಧರ್ವರು 1924ರಲ್ಲಿ ಜನಿಸಿದ್ದು ಇಲ್ಲಿಗೆ ಸಮೀಪದ ಸುಳೇಭಾವಿಯಲ್ಲಿ. ಅದೇ ವರ್ಷ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಬಾಲೆ ಗಂಗೂಬಾಯಿ ಹಾನಗಲ್ಲರು ಗಾಂಧೀಜಿಯವರ ಮುಂದೆ ಹಾಡಿದ್ದರು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯು ಈ ಭಾಗದ ಕಲಾವಿದರ ಕಂಠಗಳನ್ನು ಮನೆಮನೆಗೆ ಮುಟ್ಟಿಸಿತು. ಕನ್ನಡ ಚಿತ್ರಗೀತೆಗಳಿಗಾಗಿ ಬಹುಕಾಲ ಮದರಾಸಿಗೇ ಹೋಗಬೇಕಿತ್ತು. ಇಂದು ಆ ಕೆಲಸದ ಬಹುಭಾಗವು ಗಣಕಯಂತ್ರವಿರುವ ಒಂದು ಪುಟ್ಟ ಕೋಣೆಯಲ್ಲಿ ಸಾಧ್ಯವಾಗಿದೆ.

ಲೋಂಡಾದಿಂದ ಘಟ್ಟವಿಳಿದರೆ ಸಿಗುವ ಗೋವೆಯ ಇತಿಹಾಸ ಇನ್ನೂ ಬೋಧಪ್ರದ. ಅಲ್ಲಿನ ಧರ್ಮಕೇಂದ್ರಗಳ ಶಾಲೆಗಳಲ್ಲಿ ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿತ ಯುವಕರು ಮುಂಬಯಿಯ ಸ್ಟುಡಿಯೊಗಳಿಗೆ ಆಧಾರಸ್ತಂಭಗಳಾದರು. ಸೆಬಾಸ್ಟಿಯನ್ ಡಿಸೋಜಾ ಅವರು ಶಂಕರ್-ಜೈಕಿಶನ್ನರ ಗೀತೆಗಳಿಗೆ ವಾದ್ಯಸಂಯೋಜನೆ ಮಾಡಿದರು. ಮಜೋರ್ಡಾದ ಆಂಥೋನಿ ಗೊನ್ಸಾಲ್ವಿಸ್ ಅವರು ಪ್ಯಾರೇಲಾಲರಿಗೆ ಪಿಟೀಲು ಕಲಿಸಿದರು. 1977ರ ‘ಅಮರ್ ಅಕ್ಬರ್ ಆಂಥೋನಿ’ ಚಿತ್ರದ ಹಾಡಿನಲ್ಲಿರುವ ಅವರ ಹೆಸರು ಶಿಷ್ಯನು ಸಲ್ಲಿಸಿದ ಗುರುದಕ್ಷಿಣೆ. ಇವರು ಯಂತ್ರದ ಗುಂಡಿಗಳಿಂದ ಆರಂಭಿಸಲಿಲ್ಲ, ಸ್ವರಜ್ಞಾನದಿಂದ ಆರಂಭಿಸಿದರು. ಜೊತೆಗೆ ಇನ್ನೊಂದು ಮಾತನ್ನೂ ಮರೆಯಬಾರದು: ಅಂತಹ ಅನೇಕ ವಾದಕರ ಹೆಸರುಗಳನ್ನು ಕೇಳುಗರು ತಿಳಿಯಲೇ ಇಲ್ಲ.

ಆದ್ದರಿಂದ ಪಾಲಕರು ‘ಹೋಗಬೇಡ’ ಎನ್ನುವ ಬದಲು ಕೆಲವು ಪ್ರಶ್ನೆಗಳನ್ನು ಕೇಳಲಿ. ಮೊದಲನೆಯದು ಶ್ರಮದ ಪ್ರಶ್ನೆ. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ತರಬೇತಿಗೆ ಸೇರಿದವರಿಗೆ ಭತ್ಯೆ ಸಲ್ಲಬೇಕು. ಆದರೆ ಆ ಕಾಯಿದೆಯಡಿ ನೋಂದಣಿಯಾಗದ ಇಂಟರ್ನ್‌ಶಿಪ್‌ನಲ್ಲಿ ಅಂತಹ ರಕ್ಷಣೆ ಸಾಮಾನ್ಯವಾಗಿ ಇರುವುದಿಲ್ಲ. ಚಹಾ ತರುವುದು, ತಂತಿ ಸುತ್ತುವುದು ಕಲಿಕೆಯ ಆರಂಭವಾಗಬಹುದು. ಕೊನೆಯವರೆಗೂ ಅದೇ ಆದರೆ ಅದು ಬಿಟ್ಟಿ ಚಾಕರಿ. ಖರ್ಚನ್ನೂ ಕೊಡದ ಕಲಿಕೆಯು ಉಳ್ಳವರ ಮಕ್ಕಳಿಗಷ್ಟೇ ತೆರೆದ ಬಾಗಿಲು. ಏನು ಕಲಿಸುತ್ತಾರೆ, ಎಷ್ಟು ಗಂಟೆ, ಎಷ್ಟು ಭತ್ಯೆ ಎಂಬುದು ಬರಹದಲ್ಲಿರಲಿ.

ಎರಡನೆಯದು ಸತ್ಯದ ಪ್ರಶ್ನೆ. 1997ರಲ್ಲಿ ಬಂದ ಆಟೋ-ಟ್ಯೂನ್ ತಂತ್ರಾಂಶವು ತಪ್ಪಿದ ಶ್ರುತಿಯನ್ನು ತಿದ್ದಿ ಕೂರಿಸುತ್ತದೆ. ಈಗ ಕೃತಕ ಬುದ್ಧಿಮತ್ತೆಯು ಹಾಡದವನ ಕಂಠವನ್ನೂ ಹಾಡಿಸಬಲ್ಲದು. ವಸ್ತುವಿಗೂ ಬುದ್ಧಿಗೂ ಇರುವ ಹೊಂದಿಕೆಯೇ ಸತ್ಯವೆಂದು ಸಂತ ತೋಮಾಸ್ ಅಕ್ವಿನಾಸರು ವಿವರಿಸಿದರು. ಇದ್ದ ಕಂಠದ ಸಣ್ಣ ದೋಷವನ್ನು ತಿದ್ದುವುದು ಬೇರೆ, ಇಲ್ಲದ ಕಂಠವನ್ನು ಇದೆಯೆಂದು ಮಾರುವುದು ಬೇರೆ. ಪರರ ಧ್ವನಿಯನ್ನು ಅವರ ಒಪ್ಪಿಗೆಯಿಲ್ಲದೆ ಬಳಸುವುದು ಅವರ ದುಡಿಮೆಯನ್ನು ಕದ್ದಂತೆಯೇ. ಗೀತಕಾರರಿಗೂ ಸಂಯೋಜಕರಿಗೂ ಗೌರವಧನದ ಹಕ್ಕನ್ನು 2012ರ ಕೃತಿಸ್ವಾಮ್ಯ ತಿದ್ದುಪಡಿಯು ಬಲಪಡಿಸಿದೆ. ಎಳೆಯ ಕಲಿಕೆಗಾರನು ಗುಂಡಿ ಒತ್ತುವ ಮೊದಲೇ ಈ ವಿವೇಕವನ್ನು ಕಲಿಯಬೇಕು.

ಮೂರನೆಯದು ನಮ್ಮ ದೇವಾಲಯಗಳಿಗೇ ಸಂಬಂಧಿಸಿದ್ದು. ಗ್ರಾಮೊಫೋನ್, ಟೇಪ್‌ರೆಕಾರ್ಡರ್ ಮೊದಲಾದ ಸ್ವಯಂಚಾಲಿತ ಸಾಧನಗಳು ಪೂಜಾವಿಧಿಯಲ್ಲಿ ಹಾಡುಗಾರರ ಸ್ಥಾನವನ್ನು ಆಕ್ರಮಿಸಬಾರದೆಂದು ರೋಮಿನ 1958ರ ನಿರ್ದೇಶನವು ವಿಧಿಸಿತು. ಭಕ್ತಜನರೇ ಬಾಯ್ದೆರೆದು ಹಾಡಬೇಕೆಂಬುದು 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಪೂಜಾವಿಧಿ ಸಂವಿಧಾನದ ಆಶಯ. ಸ್ಟುಡಿಯೊದಲ್ಲಿ ಕಲಿತು ಬಂದ ಹುಡುಗನು ಸಿದ್ಧ ಟ್ರ್ಯಾಕುಗಳನ್ನು ತಂದು ಗಾಯನವೃಂದವನ್ನು ಮನೆಗೆ ಕಳುಹಿಸುವಂತಾದರೆ ನಷ್ಟವೇ ಸರಿ. ಬದಲಾಗಿ ಕಿರುಚುವ ಧ್ವನಿವರ್ಧಕವನ್ನು ಸರಿಪಡಿಸಿ, ಹಿಂದಿನ ಸಾಲಿನ ಅಜ್ಜಿಗೂ ವಾಚನ ಸ್ಪಷ್ಟವಾಗಿ ಕೇಳುವಂತೆ ಮಾಡಿದರೆ ಅದು ಸೇವೆ. ನಮ್ಮ ಹಿರಿಯರ ಕಂಠದಲ್ಲಿ ಮಾತ್ರ ಉಳಿದಿರುವ ಕೊಂಕಣಿ, ಮರಾಠಿ, ಕನ್ನಡದ ಭಕ್ತಿಗೀತೆಗಳನ್ನು ಅವರಿರುವಾಗಲೇ ಮುದ್ರಿಸಿಡುವುದು ಇನ್ನೂ ದೊಡ್ಡ ಸೇವೆ.

ಇದರಿಂದ ಹೊಟ್ಟೆ ತುಂಬೀತೇ ಎಂಬ ಪಾಲಕರ ಪ್ರಶ್ನೆಯೂ ನ್ಯಾಯವಾದದ್ದೇ. ಈ ವೃತ್ತಿಯಲ್ಲಿ ತಿಂಗಳ ಸಂಬಳದ ಭದ್ರತೆ ಎಲ್ಲರಿಗೂ ಸಿಗುವುದಿಲ್ಲ. ಅದಕ್ಕಾಗಿಯೇ ಪದವಿಯನ್ನು ಅರ್ಧಕ್ಕೆ ಬಿಡಬಾರದು. ರಜೆಯ ಎರಡು ತಿಂಗಳ ಇಂಟರ್ನ್‌ಶಿಪ್ ಎಂಬುದು ಜೀವನವನ್ನೇ ಪಣಕ್ಕಿಡುವ ಜೂಜಲ್ಲ. ಆಸೆಯನ್ನು ಒರೆಗೆ ಹಚ್ಚಿ ನೋಡುವ ಅವಕಾಶ. ಒರೆಗಲ್ಲನ್ನೇ ಮುಟ್ಟಗೊಡದಿದ್ದರೆ ಚಿನ್ನವೂ ತಿಳಿಯದು, ಹಿತ್ತಾಳೆಯೂ ತಿಳಿಯದು. ಮಕ್ಕಳು ಹೋಗಲಿ, ಪಾಲಕರು ಒಮ್ಮೆ ಆ ಸ್ಟುಡಿಯೊವನ್ನು ಕಣ್ಣಾರೆ ಕಂಡು ಬರಲಿ, ಭಾನುವಾರದ ಗಾಯನವೃಂದದಲ್ಲಿ ಅವರ ಜಾಗವನ್ನು ನಾವು ಕಾದಿರಿಸೋಣ.