ಕಷಾಯಕ್ಕಿಂತ ಮೊದಲು ಬುಡಕ್ಕೆ ಬೇವಿನ ಹಿಂಡಿ

ತುಮಕೂರು ಜಿಲ್ಲೆಯ ಗುಬ್ಬಿ, ಕುಣಿಗಲ್ ಕಡೆ ತೆಂಗು, ಅಡಿಕೆ ನಂಬಿದವರಿಗೆ ಅಣಬೆ ರೋಗದ ಹೆಸರೇ ಸಾಕು, ಎದೆ ಧಸಕ್ಕೆನ್ನುತ್ತದೆ. ತೆಂಗಿನ ಬುಡದಲ್ಲಿ ಕಂದುಗೆಂಪು ರಸ ಒಸರಿ ಕಲೆಗಟ್ಟುತ್ತದೆ, ಕೆಳಗಿನ ಗರಿಗಳು ಹಳದಿಯಾಗಿ ಜೋತುಬೀಳುತ್ತವೆ, ಒಂದು ಮಳೆ ಬಿದ್ದ ಮೇಲೆ ಅರಗು ಬಳಿದಂತೆ ಹೊಳೆಯುವ ಅಣಬೆ ಬುಡದಲ್ಲಿ ಮೂಡುತ್ತದೆ. ಅಷ್ಟರಲ್ಲಿ ಗ್ಯಾನೋಡರ್ಮಾ ಶಿಲೀಂಧ್ರ ಬೇರನ್ನೂ ಕಾಂಡದ ಒಳಗನ್ನೂ ಕೊಳೆಸಿರುತ್ತದೆ. ಆಮೇಲೆ ರಾಸಾಯನಿಕ ಸುರಿದರೂ ಗಿಡಮೂಲಿಕೆಯ ಕಷಾಯ ಸುರಿದರೂ ಮರ ಉಳಿಯುವುದು ಕಷ್ಟ. ಗಿಡಮೂಲಿಕೆಯನ್ನು ಮದ್ದೆಂದು ಮಾರುವುದಕ್ಕೂ, ರೋಗ ಬರುವ ಮೊದಲೇ ಕೊಡುವ ರಕ್ಷಣೆಯಾಗಿ ಬಳಸುವುದಕ್ಕೂ ಇರುವ ಅಂತರ ಇದೇ.

ಬೇವು, ಬೆಳ್ಳುಳ್ಳಿ, ತುಳಸಿಯ ರಸ ಶಿಲೀಂಧ್ರಗಳನ್ನು ತಡೆಯುವುದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡಿರುವ ಮಾತು. ಅದನ್ನು ಮೂಢನಂಬಿಕೆ ಎಂದು ತಳ್ಳುವುದು ತಪ್ಪು. ಆದರೆ ಗಾಜಿನ ತಟ್ಟೆಯಲ್ಲಿರುವುದು ಒಂದೇ ಶಿಲೀಂಧ್ರ. ಮಣ್ಣಿನಲ್ಲಿ ಜೇಡಿ ಆ ರಸವನ್ನು ಹಿಡಿದಿಡುತ್ತದೆ, ಸೂಕ್ಷ್ಮಜೀವಿಗಳು ಒಡೆದುಹಾಕುತ್ತವೆ. ಶೇಂಗಾ ಬುಡ ಕೊಳೆಸುವ ಸ್ಕ್ಲೆರೋಷಿಯಂನಂಥ ಶಿಲೀಂಧ್ರವಂತೂ ಸಾಸಿವೆ ಕಾಳಿನಂಥ ಗಟ್ಟಿ ಗುಳಿಗೆಯಾಗಿ ವರ್ಷಗಟ್ಟಲೆ ಕಾದು ಕೂರುತ್ತದೆ. ಇನ್ನೊಂದು ಮಾತು: ಕೆಟ್ಟ ಶಿಲೀಂಧ್ರವನ್ನು ಕೊಲ್ಲುವಷ್ಟು ಗಾಢವಾದ ರಸ ಟ್ರೈಕೋಡರ್ಮಾದಂಥ ಮಿತ್ರ ಶಿಲೀಂಧ್ರಕ್ಕೂ ಕುತ್ತಾಗಬಹುದು. ಸಸ್ಯಜನ್ಯ ಅಂದಮಾತ್ರಕ್ಕೆ ನಿರಪಾಯವಲ್ಲ. ಬೇವಿನ ಹಿಂಡಿಯ ದಾರಿ ಬೇರೆ. ಅದು ನಿಧಾನವಾಗಿ ಕರಗುತ್ತದೆ, ಮರಕ್ಕೆ ಗೊಬ್ಬರವೂ ಆಗುತ್ತದೆ, ಮಿತ್ರ ಶಿಲೀಂಧ್ರಕ್ಕೆ ನೆಲೆಯನ್ನೂ ಒದಗಿಸುತ್ತದೆ. ತೆಂಗಿನ ಮರವೊಂದಕ್ಕೆ ವರ್ಷಕ್ಕೆ 5 ಕಿಲೋ ಬೇವಿನ ಹಿಂಡಿ, ಜೊತೆಗೆ 50 ಗ್ರಾಂ ಟ್ರೈಕೋಡರ್ಮಾ ಎಂಬ ಶಿಫಾರಸಿನ ಹಿಂದಿರುವ ಲೆಕ್ಕ ಇದೇ.

ಹಿಂಡಿ ದುಬಾರಿ, ಫಲ ತಡ ಎನ್ನುವವರಿದ್ದಾರೆ, ದೂರು ನ್ಯಾಯವಾದದ್ದೇ. ಆದರೆ ದಶಕಗಳ ಕಾಲ ಫಸಲು ಕೊಡುವ ಮರದ ಎದುರು ಆ ಖರ್ಚನ್ನು ಇಟ್ಟು ನೋಡಬೇಕು. ಹಿಂಡಿಯೊಂದೇ ಸಾಲದು ಎಂಬುದೂ ನಿಜ. ರೋಗದ ಮರದ ಸುತ್ತ ಎರಡು ಅಡಿ ಆಳ, ಒಂದು ಅಡಿ ಅಗಲದ ಕಾಲುವೆ ತೋಡದೆ, ಸತ್ತ ಮರದ ಬೊಡ್ಡೆಯನ್ನು ಬೇರುಸಹಿತ ಕಿತ್ತು ಸುಡದೆ, ಒಂದು ಪಾತಿಯಿಂದ ಇನ್ನೊಂದಕ್ಕೆ ನೀರು ಹಾಯಿಸುತ್ತಲೇ ಇದ್ದರೆ ಯಾವ ಮೂಲಿಕೆಯೂ ಕೈಹಿಡಿಯದು. ಯಾವ ಮದ್ದಾದರೂ ರೈತರ ತೋಟದಲ್ಲೇ ಸಾಬೀತಾಗಬೇಕು. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣವನ್ನು ರೈತರ ತೋಟಕ್ಕೇ ಒಯ್ದರು. ಮಲೆನಾಡು ಅದನ್ನು ಇವತ್ತಿಗೂ ಬಿಟ್ಟಿಲ್ಲ. ತುಮಕೂರಿನ ಪಕ್ಕದ ಹಿರೇಹಳ್ಳಿಯಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ. ಮೂಲಿಕೆ ರಸ ಹಾಕಿದ ಸಾಲು, ಹಿಂಡಿ ಹಾಕಿದ ಸಾಲು, ಏನೂ ಹಾಕದ ಸಾಲು, ಮೂರನ್ನೂ ಗುಬ್ಬಿ, ಕುಣಿಗಲ್ಲಿನ ತೋಟಗಳಲ್ಲಿ ಅಕ್ಕಪಕ್ಕ ಇಟ್ಟು ಕೆಲವು ವರ್ಷ ನೋಡಿ, ಆ ಕೇಂದ್ರ ಫಲಿತಾಂಶವನ್ನು ಕನ್ನಡದಲ್ಲಿ ರೈತರ ಕೈಗಿಡಲಿ. ಅಲ್ಲಿಯವರೆಗೆ, ಲೇಬಲ್ಲಿನ ಭರವಸೆ ನಂಬಿ ಯಾರೂ ಕಷಾಯದ ಬಾಟಲಿಗೆ ದುಡ್ಡು ಸುರಿಯಬೇಡಿ.